ಹೊಸ ಊರಿನಲ್ಲಿ ರಾತ್ರಿ ಫೋಟೋಗೆ ಜಾಗ ಹುಡುಕುವಾಗ

ಗೊತ್ತಿಲ್ಲದ ಊರಿನಲ್ಲಿ ರಾತ್ರಿ ಫೋಟೋ ತೆಗೆಯಬೇಕಾ? ಜಾಗವನ್ನು ಹಗಲಲ್ಲೇ ನೋಡಿಟ್ಟುಕೊಳ್ಳಿ. ಕತ್ತಲಾದ ಮೇಲೆ ಟ್ರೈಪಾಡ್ ಹೊತ್ತು ಅಲೆದರೆ ಕಾಲುನೋವು ಬಿಟ್ಟು ಬೇರೇನೂ ಸಿಗುವುದಿಲ್ಲ.

ನಾನು ಮೊದಲು ಮ್ಯಾಪ್‌ನಲ್ಲಿ ಸ್ಯಾಟಲೈಟ್ ನೋಟ ಹಾಕಿ ನೀರು ಎಲ್ಲಿದೆ ಅಂತ ಹುಡುಕುತ್ತೇನೆ. ಕೆರೆಯೋ ನದಿಯೋ, ಯಾವುದಾದರೂ ಸರಿ. ದೀಪಗಳು ಆಚೆ ದಡದಲ್ಲಿರಬೇಕು, ನಾವು ಈಚೆ ದಡದಲ್ಲಿ. ಗಾಳಿ ಇಲ್ಲದಿದ್ದರೆ ಪ್ರತಿಬಿಂಬ ಪುಕ್ಕಟೆ! ನೀರಿಲ್ಲದಿದ್ದರೆ ರಸ್ತೆ ದಾಟುವ ಪಾದಚಾರಿ ಸೇತುವೆ ನೋಡಿ, ಕೆಳಗೆ ಓಡುವ ವಾಹನಗಳ ಬೆಳಕಿನ ಗೆರೆ ಚೆನ್ನಾಗಿ ಬರುತ್ತದೆ. ಆದರೆ ಜನ ನಡೆದಾಡಿದರೆ ಸೇತುವೆ ಅಲುಗಾಡುತ್ತದೆ, 10 ಸೆಕೆಂಡಿನ ಎಕ್ಸ್‌ಪೋಷರ್ (ಕ್ಯಾಮೆರಾ ಅಷ್ಟು ಹೊತ್ತು ಬೆಳಕು ಹಿಡಿದು ತೆಗೆಯುವ ಫೋಟೋ) ಮಸುಕಾಗುತ್ತದೆ. ಇದು ಹೊಳೆಯದೆ ನಾನೊಮ್ಮೆ ಅರ್ಧ ಗಂಟೆ ಸುಮ್ನೆ ಲೆನ್ಸ್ ಬೈದುಕೊಂಡಿದ್ದೆ.

ಸೂರ್ಯ ಮುಳುಗುವ ಮೊದಲೇ ಹೋಗಿ ನಿಲ್ಲಿ. ಮುಳುಗಿದ ಮೇಲೆ ಸುಮಾರು 20–30 ನಿಮಿಷಕ್ಕೆ ಆಕಾಶ ಕಡುನೀಲಿಯಾಗುತ್ತದೆ, ದೀಪಗಳೂ ಹೊತ್ತಿರುತ್ತವೆ. ಪೂರ್ತಿ ಕಪ್ಪು ಆಕಾಶಕ್ಕಿಂತ ಇದೇ ಜಾಸ್ತಿ ಚೆಂದ, ಅಲ್ವಾ?

ಟ್ರೈಪಾಡ್‌ಗೆ ಅನುಮತಿ ಬೇಕಾ, ಕಟ್ಟಡದ ದೀಪ ಎಷ್ಟು ಹೊತ್ತಿಗೆ ಆರಿಸುತ್ತಾರೆ, ಆ ಕಡೆ ರಾತ್ರಿ ಒಬ್ಬರೇ ಹೋಗಬಹುದಾ ಎಂದು ಅಲ್ಲಿನವರನ್ನೇ ಕೇಳಿಬಿಡಿ. ಮ್ಯಾಪ್ ಇದನ್ನೆಲ್ಲ ಹೇಳುವುದಿಲ್ಲ.