ಸಿಸಿಎನ್‌ಎ ಕೈತಪ್ಪಿತಾ? ಎರಡನೇ ಸಲಕ್ಕೆ ಹೀಗೆ ಕೂತು ಓದಿ

ಸಿಸಿಎನ್‌ಎ ಅಂದರೆ ನೆಟ್‌ವರ್ಕ್ ಕೆಲಸ ಬಲ್ಲವರಿಗೆ ಸಿಸ್ಕೋ ಕಂಪನಿ ಕೊಡುವ ಸರ್ಟಿಫಿಕೇಟ್. ಅದರ ಪರೀಕ್ಷೆ ಮುಗಿಸಿ ಯಾರಾದರೂ "ಅಕ್ಕಾ, ಆಗ್ಲಿಲ್ಲ" ಅಂತ ಫೋನ್ ಮಾಡಿದರೆ ನಾನು ಮೊದಲು ಹೇಳುವ ಮಾತು ಒಂದೇ. "ಸ್ಕೋರ್ ರಿಪೋರ್ಟ್ ಇದೆ ತಾನೆ? ಎಸೀಬೇಡ."

ನಾನು ವಸಂತನರಸಾಪುರದ ಒಂದು ಕಾರ್ಖಾನೆಯಲ್ಲಿ ನೆಟ್‌ವರ್ಕ್ ನೋಡಿಕೊಳ್ಳುತ್ತೇನೆ. ಮನೆ ಕ್ಯಾತ್ಸಂದ್ರದಲ್ಲಿ. ಭಾನುವಾರ ಗುಬ್ಬಿ, ಶೆಟ್ಟಿಹಳ್ಳಿ, ಬಟವಾಡಿ ಕಡೆಯ ಹುಡುಗ ಹುಡುಗಿಯರು ಲ್ಯಾಪ್‌ಟಾಪ್ ಹಿಡಿದುಕೊಂಡು ಬರುತ್ತಾರೆ. ಡಿಪ್ಲೊಮಾ ಮುಗಿಸಿದವರು, ಬಿಸಿಎ ಮಾಡಿದವರು, ಬೆಂಗಳೂರಿನಲ್ಲಿ ಹೆಲ್ಪ್‌ಡೆಸ್ಕ್ ಕೆಲಸಕ್ಕೆ ದಿನಾ ರೈಲಿನಲ್ಲಿ ಓಡಾಡುವವರು. ಮೊದಲ ಸಲ ಪಾಸಾಗದೆ ಬಂದವರಿಗೆ ನಾನು ಏನು ಮಾಡಿಸುತ್ತೇನೋ ಅದನ್ನೇ ಇಲ್ಲಿ ಬರೆದಿದ್ದೇನೆ. ಪರೀಕ್ಷೆಯ ಸಂಖ್ಯೆ 200-301.

ಬೆಂಗಳೂರಿನ ಸೆಂಟರ್‌ನಲ್ಲಿ ಪರೀಕ್ಷೆ ಬರೆದು ತುಮಕೂರಿಗೆ ವಾಪಸ್ ಬರುವ ರೈಲಿನಲ್ಲೇ ಒಂದು ಕೆಲಸ ಮುಗಿಸಿ. ಯಾವ ಯಾವ ವಿಷಯದಲ್ಲಿ ಕೈ ನಡುಗಿತು, ಎಲ್ಲಿ ಊಹೆ ಮಾಡಿ ಉತ್ತರ ಕೊಟ್ಟಿರಿ, ಬರೆದಿಡಿ. ವಿಷಯದ ಹೆಸರು ಮಾತ್ರ ಸಾಕು: 'ಸ್ಪ್ಯಾನಿಂಗ್ ಟ್ರೀ ರೂಟ್ ಆಯ್ಕೆ', 'ಐಪಿವಿ6 ವಿಳಾಸದ ಬಗೆಗಳು', ಹೀಗೆ. ಪ್ರಶ್ನೆಗಳನ್ನು ಬರೆದು ಹಂಚುವ ಹಾಗಿಲ್ಲ. ಪರೀಕ್ಷೆ ಶುರು ಮಾಡುವ ಮುಂಚೆ ಅದಕ್ಕೆ ಒಪ್ಪಿಗೆ ಕೊಟ್ಟಿರುತ್ತೀರಿ. ಈ ಪಟ್ಟಿಯನ್ನು ನಾಳೆ ಮಾಡೋಣ ಅಂದರೆ ಅರ್ಧ ಮರೆತಿರುತ್ತದೆ.

ನಿಯಮದ ಪ್ರಕಾರ 5 ದಿನ ಕಳೆದ ಮೇಲೆ ಮತ್ತೆ ಬರೆಯಬಹುದು. ಆ ಅವಸರ ಬೇಡ. ಶುಲ್ಕ 300 ಡಾಲರ್, ಅದರ ಮೇಲೆ ತೆರಿಗೆ. ರೂಪಾಯಿ ಲೆಕ್ಕದಲ್ಲಿ 25 ಸಾವಿರ ದಾಟುತ್ತದೆ. ಫೇಲಾದರೆ ಅದು ವಾಪಸ್ ಬರುವುದಿಲ್ಲ, ಮತ್ತೆ ಪೂರ್ತಿ ಕಟ್ಟಬೇಕು. ಗುಬ್ಬಿ ಹತ್ತಿರದ ಹುಡುಗನೊಬ್ಬನ ಅಪ್ಪ ನನ್ನನ್ನೇ ಕೇಳಿದರು, "ಏನಮ್ಮಾ, ಇನ್ನೊಂದ್ಸಲ ಅಷ್ಟೂ ದುಡ್ಡು ಕಟ್ಬೇಕಾ?" ಅಂತ. "ಕಟ್ಬೇಕು ಅಣ್ಣಾ, ಆದ್ರೆ ಈಗಲ್ಲ. ಅವನು ರೆಡಿ ಆದ್ಮೇಲೆ ನಾನೇ ಹೇಳ್ತೀನಿ" ಅಂದೆ. ಮನೆಯವರಿಗೆ ಹೀಗೆ ನೇರವಾಗಿ ಹೇಳಿಬಿಡಿ. ಮುಚ್ಚಿಟ್ಟು ಓದಿದರೆ ಓದು ತಲೆಗೆ ಹತ್ತುವುದಿಲ್ಲ. ಕೆಲಸದ ಜೊತೆ ಓದುವವರಿಗೆ ಒಂದೂವರೆ ಎರಡು ತಿಂಗಳು ಬೇಕು ಅನ್ನುವುದು ನನ್ನ ಅಂದಾಜು.

ಈಗ ರಿಪೋರ್ಟ್ ತೆಗೆಯಿರಿ. ಅದರಲ್ಲಿ ಆರು ವಿಭಾಗ, ಒಂದೊಂದರ ಮುಂದೆ ನಿಮ್ಮ ಶೇಕಡಾ ಇರುತ್ತದೆ. ಎಲ್ಲರೂ ಅತಿ ಕಡಿಮೆ ಬಂದ ವಿಭಾಗಕ್ಕೆ ಮೊದಲು ಕೈ ಹಾಕುತ್ತಾರೆ. ಅಲ್ಲೇ ದಾರಿ ತಪ್ಪುವುದು. ಪ್ರತಿ ವಿಭಾಗಕ್ಕೂ ಒಟ್ಟು 100ರಲ್ಲಿ ಒಂದು ತೂಕವಿದೆ: ನೆಟ್‌ವರ್ಕ್ ಮೂಲಪಾಠ 20, ಸ್ವಿಚ್ಚಿಂಗ್ ಮತ್ತು ವೈರ್‌ಲೆಸ್ ಬರುವ ನೆಟ್‌ವರ್ಕ್ ಆಕ್ಸೆಸ್ 20, ರೂಟಿಂಗ್ ಇರುವ ಐಪಿ ಕನೆಕ್ಟಿವಿಟಿ 25, ಐಪಿ ಸರ್ವೀಸಸ್ 10, ಸೆಕ್ಯುರಿಟಿ 15, ಆಟೊಮೇಶನ್ 10. ಆಟೊಮೇಶನ್‌ನಲ್ಲಿ 30 ಬಂದಿದೆ, ಕನೆಕ್ಟಿವಿಟಿಯಲ್ಲಿ 40 ಬಂದಿದೆ ಅಂದುಕೊಳ್ಳಿ. ಅಂದಾಜು ಲೆಕ್ಕದಲ್ಲಿ ಆಟೊಮೇಶನ್‌ನಲ್ಲಿ ಕಳೆದುಕೊಂಡಿದ್ದು 10ಕ್ಕೆ 7. ಕನೆಕ್ಟಿವಿಟಿಯಲ್ಲಿ 25ಕ್ಕೆ 15. ಹಾಗಾದರೆ ನಿಮ್ಮ ಮೊದಲ ವಾರಗಳು ರೂಟಿಂಗ್‌ಗೆ ಹೋಗಬೇಕು, ಅಲ್ವಾ? ಆರೂ ವಿಭಾಗಕ್ಕೆ ಹೀಗೆ ಲೆಕ್ಕ ಹಾಕಿ, ಜಾಸ್ತಿ ಕಳೆದುಕೊಂಡಿದ್ದನ್ನು ಮೇಲೆ ಬರೆಯಿರಿ. ರೈಲಿನಲ್ಲಿ ಮಾಡಿದ ಪಟ್ಟಿಯನ್ನು ಇದರ ಪಕ್ಕ ಇಟ್ಟು ನೋಡಿ. ಎರಡರಲ್ಲೂ ಇರುವ ವಿಷಯವೇ ನಿಮ್ಮ ಮೊದಲ ಪಾಠ.

ಇನ್ನು ಓದುವ ರೀತಿ. ನನಗೆ ಎಲ್ಲಕ್ಕಿಂತ ಮುಖ್ಯ ಇದೇ. ಫೇಲಾದವರು ಸಾಮಾನ್ಯವಾಗಿ ಅದೇ ವಿಡಿಯೊಗಳನ್ನು ಮೊದಲಿಂದ ಹಾಕಿಕೊಂಡು ಕೂರುತ್ತಾರೆ. ಕೇಳಿದ್ದೇ ಕೇಳುವುದರಿಂದ ಎಲ್ಲ ಗೊತ್ತು ಅನ್ನಿಸುತ್ತದೆ, ಮನಸ್ಸಿಗೂ ಹಿತ. ಆದರೆ ಕೈಗೆ ಏನೂ ಬಂದಿರುವುದಿಲ್ಲ. ಎರಡನೇ ಸಲ ಓದುವಾಗ ಕಟ್ಟಿದ್ದನ್ನು ಕೆಡಿಸಿ ಸರಿ ಮಾಡುವುದನ್ನು ಕಲಿಯಬೇಕು. ಕಂಪ್ಯೂಟರಿನಲ್ಲೇ ನೆಟ್‌ವರ್ಕ್ ಕಟ್ಟಿ ಅಭ್ಯಾಸ ಮಾಡುವ ಸಿಸ್ಕೋದ ಪ್ಯಾಕೆಟ್ ಟ್ರೇಸರ್ ಉಚಿತವಾಗಿ ಸಿಗುತ್ತದೆ. ಸಾಧಾರಣ ಲ್ಯಾಪ್‌ಟಾಪ್ ಸಾಕು.

ನಮ್ಮ ಮನೆಯಲ್ಲಿ ಇಬ್ಬಿಬ್ಬರನ್ನು ಕೂರಿಸುತ್ತೇನೆ. ಮೂರು ರೂಟರ್ ಇಟ್ಟು, ರೂಟರ್‌ಗಳು ತಮ್ಮತಮ್ಮಲ್ಲೇ ದಾರಿ ತಿಳಿಸಿಕೊಳ್ಳುವ ಓಎಸ್‌ಪಿಎಫ್ ಓಡಿಸಬೇಕು. ಎಲ್ಲ ಸರಿ ಇದ್ದಾಗ ಒಬ್ಬರು ಹೊರಗೆ ಹೋಗುತ್ತಾರೆ, ಇನ್ನೊಬ್ಬರು ಒಂದು ಕಡೆ ಕೆಡಿಸುತ್ತಾರೆ. ಒಳಗೆ ಬಂದವರು 'ಶೋ ಐಪಿ ಓಎಸ್‌ಪಿಎಫ್ ನೇಬರ್' ಕೊಟ್ಟರೆ ಪಕ್ಕದ ರೂಟರ್ ಕಾಣುವುದಿಲ್ಲ. ಹೊಸಬರು ಇಲ್ಲಿ ಎಲ್ಲ ಅಳಿಸಿ ಮತ್ತೆ ಕಾನ್ಫಿಗರ್ ಮಾಡಲು ಹೋಗುತ್ತಾರೆ. ಅದಕ್ಕೆ ನಾನು ಬಿಡುವುದಿಲ್ಲ. ಮೊದಲು ಪಿಂಗ್ ಮಾಡಿ, ತಂತಿ ಮತ್ತು ಐಪಿ ಸರಿ ಇದೆಯಾ ನೋಡಬೇಕು. ಆಮೇಲೆ 'ಶೋ ಐಪಿ ಓಎಸ್‌ಪಿಎಫ್ ಇಂಟರ್‌ಫೇಸ್'. ಆ ಇಂಟರ್‌ಫೇಸ್ ಪಟ್ಟಿಯಲ್ಲೇ ಇಲ್ಲ ಅಂದರೆ ನೆಟ್‌ವರ್ಕ್ ಕಮಾಂಡಿನಲ್ಲಿ ಐಪಿಯೋ ವೈಲ್ಡ್‌ಕಾರ್ಡೋ ತಪ್ಪಿದೆ. 10.0.12.0 ಅಂತ ಬರೆಯುವ ಕಡೆ 10.0.21.0 ಅಂತ ಬರೆದಿದ್ದರೆ ರೂಟರ್ ಬಾಯಿ ಬಿಡುವುದಿಲ್ಲ, ತಪ್ಪು ಅಂತಲೂ ಹೇಳುವುದಿಲ್ಲ. ಪಟ್ಟಿಯಲ್ಲಿದೆ ಅಂದರೆ ಏರಿಯಾ ಸಂಖ್ಯೆ ನೋಡಿ. ಹಲೋ, ಡೆಡ್ ಟೈಮರ್ ನೋಡಿ, ಅಂದರೆ ಎಷ್ಟು ಹೊತ್ತಿಗೊಮ್ಮೆ ಹಲೋ ಕಳಿಸಬೇಕು, ಎಷ್ಟು ಹೊತ್ತು ಹಲೋ ಬಾರದಿದ್ದರೆ ಪಕ್ಕದ ರೂಟರ್ ಇಲ್ಲ ಅನ್ನಬೇಕು ಅನ್ನುವ ಲೆಕ್ಕ. ಈಥರ್ನೆಟ್‌ನಲ್ಲಿ ಅವು ಮೊದಲಿಂದಲೇ 10 ಮತ್ತು 40 ಸೆಕೆಂಡ್. ಎರಡೂ ಕಡೆ ಒಂದೇ ಇರಬೇಕು. ಸಬ್‌ನೆಟ್ ಮಾಸ್ಕ್ ಕೂಡ. ಹಲೋ ಕಳಿಸುತ್ತಿಲ್ಲ, ಪ್ಯಾಸಿವ್ ಅಂತ ಬಂದರೆ ಅದೇ ಕಾರಣ. ಈ ಕ್ರಮ ಬಾಯಿಪಾಠ ಮಾಡಿಸುವುದಿಲ್ಲ. ಒಬ್ಬರು ಕೆಡಿಸುತ್ತಾ ಇನ್ನೊಬ್ಬರು ಹುಡುಕುತ್ತಾ ಹೋದರೆ ತಾನಾಗೇ ಕೈಗೆ ಕೂರುತ್ತದೆ. ಜೊತೆಗಾರರು ಸಿಗದಿದ್ದರೆ ನೀವೇ ಕೆಡಿಸಿದ ನಾಲ್ಕಾರು ಫೈಲು ಮಾಡಿಟ್ಟು, ವಾರ ಬಿಟ್ಟು ತೆಗೆಯಿರಿ.

ವಿಲ್ಯಾನ್, ಟ್ರಂಕ್, ನ್ಯಾಟ್, ಎಸಿಎಲ್ ಎಲ್ಲಕ್ಕೂ ಇದೇ ದಾರಿ. ಎಸಿಎಲ್ ಅಂದರೆ ಯಾವ ಪ್ಯಾಕೆಟ್ ಬಿಡಬೇಕು, ಯಾವುದನ್ನು ತಡೆಯಬೇಕು ಅನ್ನುವ ಪಟ್ಟಿ. ಅದರ ಕೊನೆಯಲ್ಲಿ ಎಲ್ಲವನ್ನೂ ತಡೆಯುವ, ಕಣ್ಣಿಗೆ ಕಾಣದ ಒಂದು 'ಡಿನೈ' ಇದ್ದೇ ಇರುತ್ತದೆ. ಪುಸ್ತಕದಲ್ಲಿ ಅದನ್ನು ಎಲ್ಲರೂ ಓದಿರುತ್ತಾರೆ. ನೀವೇ ಬರೆದ ಎಸಿಎಲ್‌ನಿಂದ ನೆಟ್‌ವರ್ಕ್ ನಿಂತು, ನೀವೇ ಹುಡುಕಿ ತೆಗೆದ ಮೇಲೆ ಅದನ್ನು ಮರೆಯಲು ಸಾಧ್ಯವಿಲ್ಲ.

ಗೊತ್ತು ಅಂದುಕೊಂಡಿರುವ ವಿಷಯವನ್ನೂ ಒಮ್ಮೆ ಕೆದಕಿ ನೋಡಿ. ನನ್ನ ಹತ್ತಿರ ಬರುವವರಿಗೆ ಈ ಪ್ರಶ್ನೆ ತಪ್ಪದೆ ಕೇಳುತ್ತೇನೆ. ರೂಟರ್‌ಗೆ 10.1.0.0/16 ಓಎಸ್‌ಪಿಎಫ್‌ನಿಂದ ಬಂದಿದೆ, 10.1.1.0/24 ರಿಪ್ ಅನ್ನುವ ಇನ್ನೊಂದು ರೂಟಿಂಗ್ ಪ್ರೋಟೊಕಾಲ್‌ನಿಂದ ಬಂದಿದೆ. 10.1.1.5ಕ್ಕೆ ಹೋಗುವ ಪ್ಯಾಕೆಟ್ ಯಾವ ದಾರಿ ಹಿಡಿಯುತ್ತದೆ? ಓಎಸ್‌ಪಿಎಫ್‌ಗೆ 110, ರಿಪ್‌ಗೆ 120 ಅಡ್ಮಿನಿಸ್ಟ್ರೇಟಿವ್ ಡಿಸ್ಟೆನ್ಸ್ (ಯಾವ ಮೂಲವನ್ನು ಹೆಚ್ಚು ನಂಬಬೇಕು ಅನ್ನುವ ಅಂಕಿ), ಕಡಿಮೆ ಇರುವುದೇ ಗೆಲ್ಲುತ್ತದೆ ಅಂತ ಥಟ್ಟನೆ ಹೇಳುತ್ತಾರೆ. ಉತ್ತರ ರಿಪ್ ದಾರಿ. ಪ್ಯಾಕೆಟ್ ಬಂದಾಗ ರೂಟರ್ ನೋಡುವುದು ಉದ್ದದ ಪ್ರಿಫಿಕ್ಸ್ ಯಾವುದು ಅಂತ. ಇಲ್ಲಿ /16ಕ್ಕಿಂತ /24 ಉದ್ದ. ಒಂದೇ ನೆಟ್‌ವರ್ಕ್, ಒಂದೇ ಮಾಸ್ಕ್ ಎರಡು ಕಡೆಯಿಂದ ಬಂದಾಗ ಮಾತ್ರ 110, 120ರ ಲೆಕ್ಕ.

ಸಬ್‌ನೆಟ್ಟಿಂಗ್ ಪೇಪರ್ ಮೇಲೆ ಮಾಡಿ. ಕರೆಂಟ್ ಹೋದ ಹೊತ್ತು ಇದಕ್ಕೆ ಒಳ್ಳೆಯದು, ಹಾಗೇ ರೈಲಿನ ಸಮಯವೂ. ಹಿರೇಹಳ್ಳಿ ದಾಟಿ ದಾಬಸ್‌ಪೇಟೆ ಬರುವುದರೊಳಗೆ ಹಲವು ಲೆಕ್ಕ ಮುಗಿಸಬಹುದು. 172.16.45.200/20 ತೆಗೆದುಕೊಳ್ಳಿ. ಮಾಸ್ಕ್ 255.255.240.0. 256ರಲ್ಲಿ 240 ಕಳೆದರೆ 16. ಮೂರನೇ ಸ್ಥಾನದಲ್ಲಿ 16ರ ಮಗ್ಗಿ: 0, 16, 32, 48. 45 ಬೀಳುವುದು 32ರ ಮನೆಯಲ್ಲಿ. ನೆಟ್‌ವರ್ಕ್ 172.16.32.0, ಬ್ರಾಡ್‌ಕಾಸ್ಟ್ 172.16.47.255, ಮಧ್ಯೆ 4094 ಹೋಸ್ಟ್. ಇದು ಒಂದು ನಿಮಿಷದೊಳಗೆ ಬರಬೇಕು.

ಆಟೊಮೇಶನ್‌ಗೆ ಜಾಸ್ತಿ ಹೆದರಬೇಡಿ. ಮಾಹಿತಿ ಬರೆದಿಡುವ ಜೇಸನ್ ರೂಪ ಓದಲು ಬರಬೇಕು, ಪ್ರೋಗ್ರಾಮ್‌ಗಳು ಒಂದಕ್ಕೊಂದು ಮಾತಾಡುವ ರೆಸ್ಟ್ ಎಪಿಐನಲ್ಲಿ ಗೆಟ್, ಪೋಸ್ಟ್, ಪುಟ್, ಡಿಲೀಟ್ ಏನು ಮಾಡುತ್ತವೆ ಗೊತ್ತಿರಬೇಕು. ಆದರೆ ನಿಮ್ಮ ನೋಟ್ಸ್ ಹಳೆಯದಾ ನೋಡಿಕೊಳ್ಳಿ. 2024ರ ಆಗಸ್ಟ್‌ನಿಂದ ಪಠ್ಯದ 1.1 ಆವೃತ್ತಿ ನಡೆಯುತ್ತಿದೆ. ಹಳೆಯದರಲ್ಲಿ ಪಪೆಟ್, ಶೆಫ್ ಅನ್ನುವ ಆಟೊಮೇಶನ್ ಸಾಧನಗಳಿದ್ದವು. ಈಗ ಆನ್ಸಿಬಲ್, ಟೆರಾಫಾರ್ಮ್.

ಯಾರಾದರೂ ಡಂಪ್ ಪಿಡಿಎಫ್, ಅಂದರೆ ಪರೀಕ್ಷೆಯಿಂದ ಕದ್ದ ಪ್ರಶ್ನೆಗಳ ಪಟ್ಟಿ, ಕಳಿಸಿದರೆ ತೆರೆಯಬೇಡಿ. ಸಿಕ್ಕಿಬಿದ್ದರೆ ಫಲಿತಾಂಶ ರದ್ದಾಗುತ್ತದೆ, ಮುಂದೆ ಬರೆಯುವ ಅವಕಾಶವೂ ಹೋಗಬಹುದು. ಸಿಗದೆ ಪಾರಾದರೂ ಕೆಲಸಕ್ಕೆ ಸೇರಿದ ಮೊದಲ ವಾರವೇ ಸ್ವಿಚ್ ಮುಂದೆ ನಿಲ್ಲಬೇಕಲ್ಲ.

ಯಾವಾಗ ಬುಕ್ ಮಾಡಬೇಕು? ಖಾಲಿ ಪರದೆಯಿಂದ ಶುರು ಮಾಡಿ, ನೋಟ್ಸ್ ಮುಟ್ಟದೆ, ಮೂರು ರೂಟರ್, ಎರಡು ಸ್ವಿಚ್, ವಿಲ್ಯಾನ್‌ಗಳು, ಓಎಸ್‌ಪಿಎಫ್, ನ್ಯಾಟ್, ಒಂದು ಎಸಿಎಲ್ ಎಲ್ಲ ಓಡಿಸಿದ ದಿನ. ಅದಕ್ಕೆ ಮುಂಚೆ ಬೇಡ. ಮನೆಯಿಂದಲೂ ಬರೆಯಬಹುದು. ಆದರೆ ಕೋಣೆಯಲ್ಲಿ ನಿಮ್ಮನ್ನು ಬಿಟ್ಟು ಯಾರೂ ಇರಬಾರದು, ಇಂಟರ್‌ನೆಟ್ ನಿಲ್ಲಬಾರದು. ಜನ ಬಂದು ಹೋಗುವ ಮನೆ, ಕರೆಂಟ್ ಭರವಸೆ ಇಲ್ಲ ಅಂದರೆ ಬೆಂಗಳೂರಿನ ಸೆಂಟರೇ ವಾಸಿ. ಒಂದು ರೈಲು ಮುಂಚೆಯೇ ಹತ್ತಿ.

120 ನಿಮಿಷ ಸಿಗುತ್ತದೆ. ಒಂದು ಪ್ರಶ್ನೆ ದಾಟಿದರೆ ಹಿಂದಕ್ಕೆ ಬರಲು ಆಗುವುದಿಲ್ಲ. ಒಂದಕ್ಕೇ ಅಂಟಿಕೊಂಡು ಕೂರಬೇಡಿ. ಲ್ಯಾಬ್ ಪ್ರಶ್ನೆ ಬಂದರೆ ಕೇಳಿರುವುದನ್ನು ಪೂರ್ತಿ ಓದಿ, ಆಮೇಲೆ ಕೀಬೋರ್ಡ್ ಮುಟ್ಟಿ. ಸೇವ್ ಮಾಡಲು ಹೇಳಿದ್ದರೆ ಸೇವ್ ಮಾಡಿಯೇ ಮುಂದೆ ಹೋಗಿ.

ಕೊನೆಯದಾಗಿ ಹೆಸರಿನ ವಿಷಯ. ನಮ್ಮ ಕಡೆ ಇನಿಷಿಯಲ್ ಒಂದು ಚೀಟಿಯಲ್ಲಿ ಮುಂದೆ, ಇನ್ನೊಂದರಲ್ಲಿ ಹಿಂದೆ, ಮತ್ತೊಂದರಲ್ಲಿ ಬಿಡಿಸಿ ಬರೆದಿರುತ್ತದೆ. ಪರೀಕ್ಷೆ ನಡೆಸುವ ಪಿಯರ್ಸನ್ ವ್ಯೂ ಸಂಸ್ಥೆಯ ಖಾತೆಯಲ್ಲಿರುವ ಹೆಸರು ನೀವು ತೋರಿಸುವ ಗುರುತಿನ ಚೀಟಿಯಲ್ಲಿರುವ ಹಾಗೇ ಇರಬೇಕು. ಯಾವ ಚೀಟಿಗಳು ನಡೆಯುತ್ತವೆ ಅನ್ನುವುದು ಬುಕಿಂಗ್ ಮೇಲ್‌ನಲ್ಲಿರುತ್ತದೆ, ಪೂರ್ತಿ ಓದಿ. ಹೆಸರಿನಲ್ಲಿ ವ್ಯತ್ಯಾಸ ಇದ್ದರೆ ದುಡ್ಡು ಕಟ್ಟುವ ಮುಂಚೆಯೇ ಸರಿ ಮಾಡಿಸಿಕೊಳ್ಳಿ.