ಹನ್ನೆರಡೂವರೆ ಫ್ರೇಮ್

ನಾನು ಎಡಿಟಿಂಗ್ ಕಲಿತದ್ದು ನಮ್ಮ ಬ್ಯಾಂಡಿನದೇ ಒಂದು ಕಾರ್ಯಕ್ರಮದಿಂದ. 2004ರ ಡಿಸೆಂಬರ್. ಬೆಂಗಳೂರಿನ ಕಾಲೇಜೊಂದರ ಫೆಸ್ಟ್‌ನಲ್ಲಿ ನಾವು ಆರು ಹಾಡು ನುಡಿಸಿದ್ದೆವು. ನಾನು ಬೇಸ್ ಗಿಟಾರಿನವನು. ಮೂವರು ಗೆಳೆಯರು ಮೂರು ಮಿನಿ ಡಿವಿ ಕ್ಯಾಮೆರಾದಲ್ಲಿ ಶೂಟ್ ಮಾಡಿದ್ದರು. ಮುಗಿದ ಮೇಲೆ ಮೂರೂ ಟೇಪು ನನ್ನ ಕೈಗಿಟ್ಟು, "ಏನಾದ್ರೂ ಮಾಡ್ಕೊ ಮಗಾ" ಅಂದು ಬೈಕ್ ಹತ್ತಿ ಹೋದರು. ಬ್ಯಾಂಡಿನಲ್ಲಿ ಮನೆಯಲ್ಲಿ ಕಂಪ್ಯೂಟರ್ ಇದ್ದವನು ನಾನೊಬ್ಬನೇ.

ಒಂದು ಗಂಟೆಯ ಟೇಪನ್ನು ಕಂಪ್ಯೂಟರಿಗೆ ಇಳಿಸಲು ಒಂದು ಗಂಟೆಯೇ ಬೇಕು. ಗಂಟೆಗೆ ಸುಮಾರು 13 ಜಿಬಿ. ನನ್ನ ಹಾರ್ಡ್‌ಡಿಸ್ಕ್ 40 ಜಿಬಿಯದು, ಮೂರು ಟೇಪು ಅದರಲ್ಲಿ ಹಿಡಿಸುವಂತಿರಲಿಲ್ಲ. ಎರಡನ್ನು ಪೂರ್ತಿ ಇಳಿಸಿ, ಮೂರನೆಯದರಲ್ಲಿ ಹಾಡು ಮಾತ್ರ ತೆಗೆದುಕೊಂಡೆ. ಆಮೇಲೆ ಮೂರನ್ನೂ ಒಂದಕ್ಕೊಂದು ಕೂಡಿಸಬೇಕಲ್ಲ? ಹಾಡು ಶುರುವಾಗುವ ಮುಂಚೆ ಡ್ರಮ್ಮರ್ ನಾಲ್ಕು ಸಲ ಕೋಲು ತಟ್ಟುತ್ತಾನೆ. ಆ ಟಕ್ ಟಕ್ ಸದ್ದನ್ನೇ ಕ್ಲ್ಯಾಪ್ ಅಂದುಕೊಂಡು ಮೂರೂ ಟ್ರ್ಯಾಕನ್ನು ಅದರ ಮೇಲೆ ಕೂರಿಸಿದೆ. ಎರಡು ಕ್ಯಾಮೆರಾ ಸರಿಹೋಯಿತು. ಮೈದಾನದ ಹಿಂದೆ ಇದ್ದ ಮೂರನೆಯದು ಮಾತ್ರ ಹಟ ಹಿಡಿಯಿತು. ಸದ್ದು ಕೂಡಿದರೂ ಚಿತ್ರದಲ್ಲಿ ಕೋಲು ಮೂರು ಫ್ರೇಮ್ ಮೊದಲೇ ತಾಗಿಬಿಡುತ್ತಿತ್ತು. ಫ್ರೇಮ್ ಅಂದರೆ ವಿಡಿಯೊದ ಒಂದು ಬಿಡಿ ಚಿತ್ರ, ಸೆಕೆಂಡಿಗೆ ಅಂಥವು 25. ರಾತ್ರಿ ಎರಡು ಗಂಟೆಗೆ ತಲೆಗೆ ಹೊಳೆಯಿತು. ಆ ಕ್ಯಾಮೆರಾ ವೇದಿಕೆಯಿಂದ ನಲವತ್ತು ಮೀಟರ್ ದೂರದಲ್ಲಿತ್ತು. ಒಂದು ಫ್ರೇಮ್ ಕಳೆಯುವಷ್ಟರಲ್ಲಿ ಸದ್ದು ಹೋಗುವುದು ಹದಿನಾಲ್ಕು ಮೀಟರಿನಷ್ಟು ಮಾತ್ರ. ಅಲ್ಲಿಗೆ ಸದ್ದು ತಲುಪುವಷ್ಟರಲ್ಲಿ ಮೂರು ಫ್ರೇಮ್ ಆಗಿಹೋಗಿರುತ್ತಿತ್ತು. ಎದ್ದು ಅಡುಗೆಮನೆಗೆ ಹೋಗಿ ಒಂದು ಲೋಟ ನೀರು ಕುಡಿದು ಬಂದು ಮತ್ತೆ ಕೂತೆ. ವೇದಿಕೆಯ ಮೇಲೆ ಆರು ವರ್ಷ ನಿಂತು ನುಡಿಸಿದ್ದರೂ, ಹಿಂದಿನ ಸಾಲಿನ ಜನಕ್ಕೆ ನಾವು ತಡವಾಗಿ ಕೇಳಿಸುತ್ತೇವೆ ಅನ್ನುವುದು ನನಗೆ ಅವತ್ತೇ ತಿಳಿದದ್ದು.

ಎರಡನೇ ಪಾಠವೂ ಅದೇ ವಿಡಿಯೊದಿಂದ ಸಿಕ್ಕಿತು. ಇಲ್ಲಿನ ಟಿವಿಗೆ ನಾವು ಕತ್ತರಿಸುವುದು ಸೆಕೆಂಡಿಗೆ 25 ಫ್ರೇಮಿನ ಲೆಕ್ಕದಲ್ಲಿ, ಅಂದರೆ ಫ್ರೇಮ್ ಒಂದಕ್ಕೆ 40 ಮಿಲಿಸೆಕೆಂಡ್. ಹಾಡು ನಿಮಿಷಕ್ಕೆ 100 ಬೀಟ್ ಇದ್ದರೆ ಒಂದು ಬೀಟಿಗೆ ಸರಿಯಾಗಿ 15 ಫ್ರೇಮ್. 125 ಇದ್ದರೆ 12, 150 ಇದ್ದರೆ 10. ನಮ್ಮ ಹಾಡುಗಳಲ್ಲಿ ಹೆಚ್ಚಿನವು 120ರಲ್ಲಿದ್ದವು. ಬೀಟಿಗೆ ಹನ್ನೆರಡೂವರೆ ಫ್ರೇಮ್! ಅರ್ಧ ಫ್ರೇಮಿಗೆ ಕತ್ತರಿ ಹಾಕಲು ಬರುವುದಿಲ್ಲ. 12, 13, 12, 13 ಅಂತ ಬಿಟ್ಟು ಬಿಟ್ಟು ಹಾಕಿ ನೋಡಿದೆ. ಲೆಕ್ಕ ಸರಿ ಬಂತು, ನೋಡಿದರೆ ಹಾಡು ಕುಂಟುತ್ತಿತ್ತು. ಕೊನೆಗೆ ಲೆಕ್ಕ ಬಿಟ್ಟು, ಬೀಟ್ ಬೀಳುವುದಕ್ಕೆ ಎರಡು ಫ್ರೇಮ್ ಮುಂಚೆ ಶಾಟ್ ಬದಲಿಸಿದೆ. ಕೂಡಲೇ ಕೂತುಬಿಟ್ಟಿತು. ಸದ್ದಿಗೆ ಕಿವಿ ಬೇಗ ಓಗೊಡುತ್ತದೆ, ಹೊಸ ಚಿತ್ರವನ್ನು ಗುರುತಿಸಲು ಕಣ್ಣಿಗೆ ಚೂರು ಹೆಚ್ಚು ಹೊತ್ತು ಬೇಕು. ಆ ಎರಡು ಫ್ರೇಮ್ ಕಣ್ಣಿಗೆ ಕೊಡುವ ಮುಂಗಡ. ಇವತ್ತಿಗೂ ಪ್ರೋಮೋ ಕತ್ತರಿಸುವಾಗ ನಾನು ಹಾಗೇ ಮಾಡುವುದು.

ಬ್ಯಾಂಡ್ ಒಡೆದದ್ದಕ್ಕೆ ದೊಡ್ಡ ಕಥೆಯೇನೂ ಇಲ್ಲ. ಗಿಟಾರ್ ನುಡಿಸುತ್ತಿದ್ದವನಿಗೆ ಅಮೆರಿಕದಲ್ಲಿ ಸೀಟು ಸಿಕ್ಕಿತು, ಹಾಡುವವನಿಗೆ ಐಟಿ ಕಂಪನಿಯಲ್ಲಿ ರಾತ್ರಿ ಪಾಳಿ ಬಂತು. ನನ್ನ ಅಪ್ಪ ರಿಟೈರ್ ಆದರು. ಆ ವಿಡಿಯೊ ನೋಡಿದ್ದ ಪರಿಚಯದವರೊಬ್ಬರು, ಕನ್ನಡ ಧಾರಾವಾಹಿಯ ಎಡಿಟ್ ಸೂಟಿನಲ್ಲಿ ಅಸಿಸ್ಟೆಂಟ್ ಬೇಕಂತೆ ಅಂದರು. 2005ರಲ್ಲಿ ತಿಂಗಳಿಗೆ ಐದು ಸಾವಿರಕ್ಕೆ ಸೇರಿದೆ. ಟೇಪು ಇಳಿಸುವುದು, ಶಾಟಿಗೆ ಹೆಸರು ಹಾಕುವುದು, ಓಕೆ ಟೇಕ್ ಬೇರೆ ಮಾಡುವುದು ನನ್ನ ಕೆಲಸ.

ಅಲ್ಲಿದ್ದ ಸೀನಿಯರ್ ಎಡಿಟರ್ ಬೀಟಾಕ್ಯಾಮ್ ಟೇಪಿನ ಕಾಲದವರು. ಟೇಪಿನಿಂದ ಟೇಪಿಗೆ ಎಡಿಟ್ ಮಾಡುತ್ತಿದ್ದ ಆ ದಿನಗಳಲ್ಲಿ ಮೂರನೇ ನಿಮಿಷದಲ್ಲಿ ಒಂದು ಶಾಟ್ ಉದ್ದ ಮಾಡಬೇಕಾದರೆ ಅಲ್ಲಿಂದ ಮುಂದಿನದನ್ನೆಲ್ಲ ಮತ್ತೆ ಕೂರಿಸಬೇಕಿತ್ತು. ಹಾಗಾಗಿ ಅವರು ಕೈ ಹಾಕುವ ಮುಂಚೆ ಬಹಳ ಹೊತ್ತು ಸುಮ್ಮನೆ ನೋಡುತ್ತಿದ್ದರು. ನನಗೆ ಅವರು ಮೊದಲು ಕೊಟ್ಟ ದೃಶ್ಯ ಚಿಕ್ಕದು. ಮಗ ಮಧ್ಯರಾತ್ರಿ ಮನೆಗೆ ಬರುತ್ತಾನೆ. ತಾಯಿ ಅಡುಗೆಮನೆಯಲ್ಲಿ ಬೆನ್ನು ಮಾಡಿ ನಿಂತಿದ್ದಾಳೆ. ಸ್ಟೀಲ್ ಲೋಟ ಕಟ್ಟೆಯ ಮೇಲಿಡುತ್ತಾಳೆ. "ಊಟ ಆಯ್ತಾ?" ಅನ್ನುತ್ತಾಳೆ. ಅಷ್ಟೇ. ಲೋಟದ ಸದ್ದಿಗೂ ಮಾತಿಗೂ ನಡುವೆ ಆ ನಟಿ ಸುಮಾರು ಎರಡು ಸೆಕೆಂಡ್ ಸುಮ್ಮನಿದ್ದರು. ನಾನು ಅದನ್ನು ಎಂಟು ಫ್ರೇಮಿಗೆ ಇಳಿಸಿದ್ದೆ.

ಸರ್ ನೋಡಿ, "ಏನಪ್ಪಾ, ಮಧ್ಯದಲ್ಲಿದ್ದದ್ದು ಎಲ್ಲಿ ಹೋಯ್ತು?" ಅಂದರು.

"ಲ್ಯಾಗ್ ಅನ್ನಿಸ್ತು ಸರ್, ತೆಗೆದೆ."

ಅವರು ಮಾನಿಟರ್ ಆಫ್ ಮಾಡಿ, ಕತ್ತರಿ ಹಾಕದ ಮೂಲ ಶೂಟಿಂಗ್, ಅಂದರೆ ರಷಸ್‌ನ ಆಡಿಯೊ ಮಾತ್ರ ಹಾಕಿದರು. ಲೋಟದ ಸದ್ದು ಬಂತು. ದೂರದಲ್ಲಿ ಎಲ್ಲೋ ನಾಯಿ. ಆಮೇಲೆ, ಮಾತಿಗೆ ಸ್ವಲ್ಪ ಮುಂಚೆ, ಆಕೆ ಒಳಗೆಳೆದುಕೊಂಡ ಉಸಿರು. ನನ್ನ ಮೈ ಬಿಸಿಯಾಯಿತು. ವೇದಿಕೆಯ ಮೇಲೆ ನಾನು ಸದಾ ಕಾಯುತ್ತಿದ್ದದ್ದು ಅಂಥ ಉಸಿರಿಗೇ. ಹಾಡುವವನು ಮೈಕ್ ಹತ್ತಿರ ಉಸಿರೆಳೆದ ಅಂದರೆ ಮುಂದಿನ ಬೀಟಿಗೆ ಅವನು ಬರುತ್ತಾನೆ, ನಾನು ಜಾಗ ಬಿಡಬೇಕು. ಅದನ್ನು ಬಲ್ಲವನೇ ಇಲ್ಲಿ ಉಸಿರು ಕತ್ತರಿಸಿ ಬಿಸಾಕಿದ್ದೆ. ಸರ್ ಆ ಮೌನವನ್ನು ವಾಪಸ್ ತಂದರು. ಲೋಟ ಇಡುವ ಸದ್ದನ್ನು ಮಾತ್ರ ಏಳು ಫ್ರೇಮ್ ಹಿಂದಕ್ಕೆ ಎಳೆದರು. ಬಾಗಿಲಲ್ಲಿ ನಿಂತ ಮಗನ ಮುಖದ ಮೇಲೇ ಸದ್ದು ಕೇಳಿಸುತ್ತದೆ, ಆಮೇಲೆ ತಾಯಿ ಕಾಣುತ್ತಾಳೆ. ಎಡಿಟರುಗಳು ಇದಕ್ಕೆ ಜೆ ಕಟ್ ಅನ್ನುತ್ತೇವೆ.

ಆ ಭಾನುವಾರ ನನ್ನ ಸೋದರತ್ತೆಗೆ ಇದನ್ನು ಹೇಳಿದೆ. ಅವರು ಮಕ್ಕಳಿಗೆ ಸಂಗೀತ ಪಾಠ ಮಾಡುವವರು. "ಇದ್ರಲ್ಲಿ ಹೊಸದೇನೋ ಪುಟ್ಟಾ? ತಾಳಕ್ಕಿಂತ ಮುಂಚೆ ಹಾಡು ಎತ್ಕೊಳ್ಳಲ್ವಾ, ಅತೀತ ಗ್ರಹ ಅಂತೀವಿ" ಅಂದು ತೊಡೆ ತಟ್ಟಿ ಹಾಡಿ ತೋರಿಸಿದರು. ತಾಳ ಬಿದ್ದ ಮೇಲೆ ಹಾಡು ಶುರುವಾದರೆ ಅನಾಗತ. ನಾನು ರಾಕ್ ನುಡಿಸುತ್ತೇನೆಂದು ಮುನಿಸಿಕೊಂಡಿದ್ದ ಅತ್ತೆ ಅವತ್ತು ನನಗೆ ಹೇಳಿಕೊಟ್ಟ ಆ ಎರಡು ಪದ ಇವತ್ತಿಗೂ ನನ್ನ ಎಡಿಟ್ ಸೂಟಿನಲ್ಲಿ ನಡೆಯುತ್ತಿವೆ. "ಈ ಡೈಲಾಗ್ ಅತೀತಕ್ಕೆ ತಗೋ" ಅಂದರೆ ನನ್ನ ಹುಡುಗರಿಗೆ ಅರ್ಥವಾಗುತ್ತದೆ.

ಅರ್ಧ ಗಂಟೆಯ ಸ್ಲಾಟಿನಲ್ಲಿ ಜಾಹೀರಾತು ಕಳೆದು ಉಳಿಯುವ ಕಥೆ 22 ನಿಮಿಷ. ಅಂದರೆ 33,000 ಫ್ರೇಮ್, ವಾರಕ್ಕೆ ಐದು ಸಲ. ಬ್ಯಾಂಕಿನಲ್ಲಿ, ಅಂದರೆ ಮುಂಚೆಯೇ ಶೂಟ್ ಮಾಡಿಟ್ಟ ದಾಸ್ತಾನಿನಲ್ಲಿ, ಎಂಟು ಹತ್ತು ಎಪಿಸೋಡು ಇದ್ದರೆ ನೆಮ್ಮದಿ. ಕಲಾವಿದರಿಗೆ ಜ್ವರ ಬಂದು, ಮಳೆ ಬಂದು, ಬ್ಯಾಂಕ್ ಖಾಲಿಯಾದರೆ ಮಧ್ಯಾಹ್ನ ಶೂಟ್ ಆದದ್ದು ರಾತ್ರಿ ಪ್ರಸಾರವಾಗಬೇಕು. ಅಂಥ ದಿನವೂ ನಾನು ಬಿಡದ ಒಂದು ಕ್ರಮವಿದೆ. ಮೊದಲು ಚಿತ್ರ ಮುಚ್ಚಿಟ್ಟು ಮಾತು ಮಾತ್ರ ಕೇಳಿ ಕತ್ತರಿಸುತ್ತೇನೆ. ಆಮೇಲೆ ಸದ್ದು ಪೂರ್ತಿ ನಿಲ್ಲಿಸಿ ಚಿತ್ರ ಮಾತ್ರ ನೋಡುತ್ತೇನೆ. ಎರಡೂ ಒಂಟಿಯಾಗಿ ನಿಂತರೆ ಕೂಡಿಸಿದಾಗ ಬೀಳುವುದಿಲ್ಲ. ಒಬ್ಬಳಿಗೆ ಆಘಾತವಾದರೆ ಮನೆಯವರ ಮುಖವನ್ನೆಲ್ಲ ಒಂದೊಂದಾಗಿ ಢಮ್ ಢಮ್ ಅಂತ ಮೂರು ಸಲ ತೋರಿಸುವ ರೂಢಿ ಇದೆಯಲ್ಲ, ಅದಕ್ಕೆ ನಾನು ಎಷ್ಟೋ ಸಲ ಜಗಳವಾಡಿದ್ದೇನೆ. ಒಂದು ಸಲ ತೋರಿಸಿದರೆ ಮುಖ ಸಾಕು. ಎರಡನೇ ಸಲ ತೋರಿಸಿದರೆ ನೋಡುವವರಿಗೆ ಆ ನಟನೆಯ ಮೇಲೆ ನಂಬಿಕೆ ಹೋಗುತ್ತದೆ.

2007ರ ಮಾರ್ಚ್ 17, ಶನಿವಾರ. ಅರಮನೆ ಮೈದಾನದಲ್ಲಿ ಇಂಗ್ಲೆಂಡಿನ ಹೆವಿ ಮೆಟಲ್ ಬ್ಯಾಂಡ್ ಐರನ್ ಮೇಡನ್. ನಾನು ಬೇಸ್ ಗಿಟಾರ್ ಕೈಗೆತ್ತಿಕೊಂಡದ್ದೇ ಅವರ ಬೇಸ್ ವಾದಕ ಸ್ಟೀವ್ ಹ್ಯಾರಿಸ್‌ಗಾಗಿ. ಟಿಕೆಟ್ ತೆಗೆದಿದ್ದೆ. ಸೋಮವಾರದ ಎಪಿಸೋಡ್ ಸಂಜೆ ನಾಲ್ಕಕ್ಕೆ ನನ್ನ ಮೇಜಿಗೆ ಬಂತು, ಟಿಕೆಟ್ ಡ್ರಮ್ಮರಿನ ತಮ್ಮನಿಗೆ ಕೊಟ್ಟೆ. ರಾತ್ರಿ ಡ್ರಮ್ಮರ್ ಫೋನ್ ಮಾಡಿ, "ಕೇಳು ಮಗಾ!" ಅಂತ ಕಿರುಚಿ ಫೋನ್ ಮೇಲೆತ್ತಿ ಹಿಡಿದ. ಕರ್ಕಶವಾದ ಗಿಟಾರ್, ಜನರ ಕೂಗು. ಬೇಸ್ ಒಂದು ಚೂರೂ ಇಲ್ಲ. ಆಗಿನ ಫೋನು ದಾಟಿಸುತ್ತಿದ್ದದ್ದು 300 ಹರ್ಟ್ಸ್‌ನಿಂದ ಮೇಲಿನದನ್ನು ಮಾತ್ರ, ಬೇಸಿನ ದಪ್ಪ ತಂತಿ ಮಿಡಿಯುವುದು 41ರಲ್ಲಿ. ನಾನು ಕಾಯುತ್ತಿದ್ದ ಒಬ್ಬ ಮನುಷ್ಯನ ಸದ್ದೇ ಆ ಫೋನಿನಲ್ಲಿ ಬರುವಂತಿರಲಿಲ್ಲ. ಒಂದು ಹಾಡು ಪೂರ್ತಿ ಕೇಳಿಸಿಕೊಂಡು, ಬೇಸ್ ಭಾಗವನ್ನು ಮನಸ್ಸಿನಲ್ಲೇ ನುಡಿಸಿಕೊಂಡೆ.

ಆ ಹ್ಯಾರಿಸ್ ಕೂಡ ಎಡಿಟ್ ಮಾಡುತ್ತಾರೆ ಅನ್ನುವುದು ನನಗೆ ತಿಳಿದದ್ದು ಆಮೇಲೆ. 1988ರ ನವೆಂಬರಿನಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ನಡೆದ ಅವರ ಕಛೇರಿಯ ವಿಡಿಯೊವನ್ನು ಅವರೇ ನಿರ್ದೇಶಿಸಿ, ಅವರೇ ಎಡಿಟ್ ಮಾಡಿದ್ದರು. ಅದನ್ನು ಹುಡುಕಿ ತಂದು ಎರಡು ಮೂರು ಸಲ ನೋಡಿದೆ. ಗಿಟಾರ್ ಬಿಟ್ಟು ಬಂದೆನಲ್ಲ ಅಂತ ಎದೆಯಲ್ಲಿ ಕೂತಿದ್ದ ಸಂಕಟ ಅವತ್ತಿನಿಂದ ಹಗುರಾಯಿತು.

ವೇದಿಕೆಯಿಂದ ನಾನು ತಂದ ಇನ್ನೊಂದು ವಸ್ತು ನನ್ನ ಎಡಗಿವಿಯಲ್ಲಿದೆ. ಆರು ವರ್ಷ ನಾನು ನಿಲ್ಲುತ್ತಿದ್ದದ್ದು ಡ್ರಮ್ ಸೆಟ್ಟಿನ ಲೋಹದ ತಟ್ಟೆ ಕ್ರ್ಯಾಶ್ ಸಿಂಬಲ್‌ನ ಪಕ್ಕ, ಕಿವಿಗೆ ಏನೂ ಇಡದೆ. 85 ಡೆಸಿಬೆಲ್ ಆದರೆ ದಿನಕ್ಕೆ ಎಂಟು ಗಂಟೆ ತಡೆದೀತು ಅನ್ನುತ್ತಾರೆ, ಮೇಲೆ ಪ್ರತಿ ಮೂರು ಡೆಸಿಬೆಲ್‌ಗೆ ಹೊತ್ತು ಅರ್ಧವಾಗುತ್ತದೆ. 100 ಡೆಸಿಬೆಲ್‌ಗೆ ಉಳಿಯುವುದು ಹದಿನೈದು ನಿಮಿಷ. ನಮ್ಮ ಪ್ರಾಕ್ಟೀಸ್ ಮೂರು ಗಂಟೆ ನಡೆಯುತ್ತಿತ್ತು. 2012ರಲ್ಲಿ ಕಿವಿಯೊಳಗೆ ಜೀರುಂಡೆ ಕೂತಂತೆ ಒಂದೇ ಸಮನೆ ಸದ್ದು ಶುರುವಾಯಿತು. ಡಾಕ್ಟರು ಕಿವಿ ಪರೀಕ್ಷೆಯ ನಕ್ಷೆ, ಆಡಿಯೋಗ್ರಾಮ್, ತೋರಿಸಿದರು: 4000 ಹರ್ಟ್ಸ್ ಹತ್ತಿರ ಗೆರೆ ಹಳ್ಳಕ್ಕೆ ಬಿದ್ದಿತ್ತು. ಸಕಾರ ಶಕಾರಗಳು ಹರಿತವಾಗುವ ಜಾಗ ಅದು. ಜ್ಯಾಮ್ ರೂಮಿಗೆ ಹೋಗುವ ಹುಡುಗ ಹುಡುಗಿಯರು ಯಾರೇ ಸಿಗಲಿ, ಇಯರ್‌ಪ್ಲಗ್ ಹಾಕಿಕೊಳ್ಳಿ ಅಂತ ಕೈಹಿಡಿದು ಹೇಳುತ್ತೇನೆ. ಮೆಡಿಕಲ್ ಶಾಪಿನಲ್ಲಿ ಸಿಗುವ ಫೋಮಿನ ಬಿರಡೆಯಾದರೂ ಸರಿ.

ಈಗ ನನ್ನ ಜೊತೆ ಕೂರುವ ಅಸಿಸ್ಟೆಂಟ್ ಸಾಗರದ ಕಡೆಯ ಹುಡುಗ, ಊರಿನಲ್ಲಿ ಡೊಳ್ಳು ಬಡಿಯುತ್ತಿದ್ದವನು. ಕಟ್ ಬೀಳುವಾಗ ಅವನ ಮಂಡಿ ಅಲ್ಲಾಡುತ್ತದೆ. ಕಳೆದ ವಾರ ಎಪಿಸೋಡ್ ಕಳಿಸುವ ಹೊತ್ತಿಗೆ, "ಸರ್, ಅಜ್ಜಿ ಸೀನಲ್ಲಿ ಸಣ್ಣಗೆ ಕುಯ್ ಅಂತಿದೆ" ಅಂದ. ಹೆಡ್‌ಫೋನ್ ಹಾಕಿ ಎರಡು ಸಲ ಕೇಳಿದೆ. ನನಗೆ ಅಜ್ಜಿಯ ಮಾತು ಬಿಟ್ಟರೆ ಏನೂ ಇರಲಿಲ್ಲ. ಸದ್ದನ್ನು ಗೆರೆಗಳಾಗಿ ತೋರಿಸುವ ಸ್ಪೆಕ್ಟ್ರಮ್ ತೆರೆದು ನೋಡಿದೆವು. 8000 ಹರ್ಟ್ಸ್‌ನ ಸ್ವಲ್ಪ ಮೇಲೆ, ದೃಶ್ಯದ ಉದ್ದಕ್ಕೂ, ಕೂದಲೆಳೆಯಷ್ಟು ಗೆರೆ. ಸೆಟ್ಟಿನ ಯಾವುದೋ ಲೈಟಿನದಿರಬೇಕು.

"ತೆಗಿ" ಅಂದೆ. ಅವನು ತೆಗೆದ. "ಹೋಯ್ತಾ?" ಅಂತ ಕೇಳಿದೆ.

"ಹೋಯ್ತು ಸರ್."

ಎಪಿಸೋಡ್ ಕಳಿಸಿದೆವು.