ಮಕ್ಕಳ ಜೊತೆ ಉಡುಪಿ ಕಡೆ ಹೊರಟ್ರೆ ರೂಮು, ಊಟ ಹುಡುಕೋದು ಹೀಗೆ

ಮಕ್ಕಳಾಗೋಕೆ ಮುಂಚೆ ನಾವಿಬ್ರೂ ಧರ್ಮಸ್ಥಳ, ಉಡುಪಿ, ಮುರುಡೇಶ್ವರ ಅಂತ ರಾತ್ರಿ ಬಸ್ ಹತ್ತಿ, ಬೆಳಗ್ಗೆ ಸಿಕ್ಕಿದ ಲಾಡ್ಜಲ್ಲಿ ಸ್ನಾನ ಮುಗಿಸಿ ತಿರುಗೋಕೆ ಹೊರಟುಬಿಡ್ತಿದ್ವಿ. ಈಗ ಏಳು ವರ್ಷದವನು ಒಬ್ಬ, ಮೂರು ವರ್ಷದವಳು ಒಬ್ಬಳು. ಇವರನ್ನ ಕರ್ಕೊಂಡು ಹೋದ ಮೊದಲನೇ ಸಲ ಆ್ಯಪಲ್ಲಿ ಫೋಟೋ ನೋಡಿ ಬುಕ್ ಮಾಡಿದ ರೂಮು ಮೂರನೇ ಮಹಡೀಲಿತ್ತು, ಲಿಫ್ಟ್ ಕೆಟ್ಟಿತ್ತು, ಕೆಳಗಡೆ ಬಾರು, ಬಿಸಿನೀರು ಬೆಳಗ್ಗೆ ಎಂಟಕ್ಕೇ ಖಾಲಿ. ಫೋಟೋದಲ್ಲಿ ಮಾತ್ರ ಹಾಸಿಗೆ ಮೇಲೆ ಟವೆಲ್ಲಲ್ಲಿ ಹಂಸ ಮಾಡಿ ಇಟ್ಟಿದ್ರು. ಅವತ್ತಿಂದ ಫೋಟೋ ನಂಬೋದು ಬಿಟ್ಟು ಫೋನ್ ಮಾಡೋದು ಕಲ್ತೆ.

ಮೊದಲು ತಾರೀಖು ನೋಡ್ಕೊಳ್ಳಿ. ಉಡುಪಿಲಿ ಎರಡು ವರ್ಷಕ್ಕೊಮ್ಮೆ, 2024, 2026 ಹೀಗೆ ಸಮಸಂಖ್ಯೆ ವರ್ಷದ ಜನವರಿ 18ಕ್ಕೆ ಪರ್ಯಾಯ ಉತ್ಸವ ಇರತ್ತೆ (ಕೃಷ್ಣ ಮಠದ ಪೂಜೆ ಒಂದು ಮಠದವರಿಂದ ಇನ್ನೊಂದು ಮಠದವರಿಗೆ ಹೋಗೋ ದಿನ), ಧರ್ಮಸ್ಥಳದಲ್ಲಿ ಕಾರ್ತಿಕ ಮಾಸದಲ್ಲಿ ಲಕ್ಷದೀಪೋತ್ಸವ. ಆ ಗದ್ದಲ ನೋಡ್ಬೇಕು ಅಂತಲೇ ಹೋಗೋರು ಬೇರೆ, ಚಿಕ್ಕ ಮಕ್ಕಳಿದ್ರೆ ಬೇಡ. ಮಳೆಗಾಲದಲ್ಲಿ ಹೋಗೋದಾದ್ರೆ ಸೀ ವ್ಯೂ ಅಂತ ಎಕ್ಸ್‌ಟ್ರಾ ದುಡ್ಡು ಕೊಡ್ಬೇಡಿ, ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಬೋಟ್ ಬಿಡಲ್ಲ, ನೀರಿಗೆ ಇಳಿಯೋಕೂ ಬಿಡಲ್ಲ, ಮಕ್ಕಳು ಕಿಟಕಿ ಹತ್ರ ನಿಂತು ಅಳ್ತಾವೆ ಅಷ್ಟೆ.

ಆಮೇಲೆ ಮ್ಯಾಪ್ ತೆಗೀರಿ. ನಾನು ರೂಮಿಗಿಂತ ಮುಂಚೆ ಹೋಟೆಲ್ ಹುಡುಕ್ತೀನಿ, ಅಂದ್ರೆ ತಿಂಡಿ ಹೋಟೆಲ್. ಬೆಳಗ್ಗೆ ಏಳಕ್ಕೆ ಇಡ್ಲಿ ಸಿಗೋ ಜಾಗ ನಡೆದು ಹೋಗೋ ದೂರದಲ್ಲಿ ಇದ್ರೆ ಅರ್ಧ ಟ್ರಿಪ್ ಗೆದ್ದಂಗೆ, ಯಾಕಂದ್ರೆ ಹಸಿದ ಮಗುನ ಕಾರಲ್ಲಿ ಕೂರಿಸ್ಕೊಂಡು ಪಾರ್ಕಿಂಗ್ ಹುಡುಕೋ ಕಷ್ಟ ಶತ್ರುಗೂ ಬೇಡ. ಉಡುಪಿಲಿ ರಥಬೀದಿ ಆಸುಪಾಸು ರೂಮ್ ಮಾಡಿದ್ರೆ ಮಠ, ತಿಂಡಿ, ಬಾಳೆಹಣ್ಣು, ಮೆಡಿಕಲ್ ಶಾಪ್ ಎಲ್ಲಾ ಕಾಲ್ನಡಿಗೇಲೇ ಸಿಗತ್ತೆ. ರಿವ್ಯೂ ಓದುವಾಗ ಹೊಸದು ಮೊದಲು ಬರೋ ಹಾಗೆ ಇಟ್ಕೊಂಡು ಎರಡು ಸ್ಟಾರ್, ಮೂರು ಸ್ಟಾರ್ ಕೊಟ್ಟೋರು ಏನಂದಿದ್ದಾರೆ ನೋಡಿ, ಐದು ಕೊಟ್ಟೋರು ಬರೀ ಸೂಪರ್ ಅಂತಾರೆ, ಒಂದು ಕೊಟ್ಟೋರು ಬರೀ ಬೈತಾರೆ.

ಇನ್ನೊಂದು ವಿಷ್ಯ, ಹೈವೇಲಿ 'ಫ್ಯಾಮಿಲಿ ರೆಸ್ಟೋರೆಂಟ್' ಅಂತ ಬೋರ್ಡ್ ಕಂಡ ತಕ್ಷಣ ನಮ್ಮಂಥೋರಿಗೇ ಅನ್ಕೋಬೇಡಿ, ಎಷ್ಟೋ ಕಡೆ ಅದು ಬಾರಿನ ಪಕ್ಕ ಒಂದು ಪ್ಲೈವುಡ್ ಅಡ್ಡ ಇಟ್ಟ ಜಾಗ. ಹೊರಗೆ ಎಷ್ಟು ಫ್ಯಾಮಿಲಿ ಕಾರು ನಿಂತಿದೆ ನೋಡಿ, ಆಮೇಲೆ ಯಾರಾದ್ರೂ ಒಬ್ರು ಹೋಗಿ ಟಾಯ್ಲೆಟ್ ನೋಡ್ಕೊಂಡು ಬನ್ನಿ, ಅದು ಕ್ಲೀನಾಗಿದ್ರೆ ಅಡುಗೆಮನೆನೂ ಪರವಾಗಿಲ್ಲ ಅನ್ನೋದು ನನ್ನ ಲೆಕ್ಕ.

ಈಗ ಫೋನು. ಆ್ಯಪಲ್ಲಿರೋ ಕಾಲ್ ಸೆಂಟರಿಗಲ್ಲ, ನೇರ ರಿಸೆಪ್ಷನ್ನಿಗೆ. ಕೇಳ್ಬೇಕಾದ್ದು: ನೆಲಮಹಡೀಲಿ ರೂಮ್ ಇದ್ಯಾ, ಕೆಳಗೆ ಬಾರ್ ಅಥವಾ ಮದುವೆ ಹಾಲ್ ಇದ್ಯಾ, ಬಿಸಿನೀರು ಸೋಲಾರಾ ಗೀಸರಾ, ಕರೆಂಟ್ ಹೋದ್ರೆ ಫ್ಯಾನ್ ತಿರುಗತ್ತಾ, ರಾತ್ರಿ ಹತ್ತಕ್ಕೆ ಒಂದು ಲೋಟ ಹಾಲು ಬಿಸಿ ಮಾಡಿ ಕೊಡ್ತೀರಾ. ಮಗುಗೆ ಎಕ್ಸ್‌ಟ್ರಾ ಚಾರ್ಜ್ ಎಷ್ಟು ವರ್ಷದ ಮೇಲೆ ಅನ್ನೋದು ಒಂದೊಂದು ಕಡೆ ಒಂದೊಂದು ಥರ, ಅದನ್ನ ವಾಟ್ಸಾಪಲ್ಲಿ ಬರೆಸ್ಕೊಳ್ಳಿ, ಜೊತೆಗೆ ಬಾತ್‌ರೂಮ್ ಫೋಟೋನೂ ಕೇಳಿ. ಒಂದ್ಸಲ ನಾನು ಬಾಲ್ಕನಿ ಕಂಬಿ ಮಧ್ಯೆ ಗ್ಯಾಪ್ ಎಷ್ಟಿದೆ ಅಂತ ಕೇಳಿದ್ದಕ್ಕೆ ಆ ಕಡೆಯವರು 'ಎಂತ ಮಾರಾಯ್ರೆ, ನೀವು ಎಂಜಿನಿಯರಾ?' ಅಂದ್ರು. ನಗ್ಲಿ ಬಿಡಿ, ಕೇಳಿ. ಹೋಮ್‌ಸ್ಟೇ ಆದ್ರೆ ಬಾವಿಗೆ ಕಟ್ಟೆ, ಮುಚ್ಚಳ ಇದ್ಯಾ, ನಾಯಿ ಕಟ್ಟಿರ್ತಾರಾ ಅನ್ನೋದೂ ಕೇಳ್ಬೇಕು, ಕರಾವಳಿ ಮನೆ ಅಂದ್ಮೇಲೆ ಅಂಗಳದಲ್ಲಿ ಬಾವಿ ಇದ್ದೇ ಇರತ್ತೆ. ಮಕ್ಕಳಿಗೆ ಹೊರಡೋ ಹಿಂದಿನ ದಿನವೇ ಜ್ವರ ಬರೋದ್ರಿಂದ, ನೂರಿನ್ನೂರು ಜಾಸ್ತಿ ಆದ್ರೂ ಕ್ಯಾನ್ಸಲ್ ಮಾಡಿದ್ರೆ ದುಡ್ಡು ವಾಪಸ್ ಬರೋ ರೂಮೇ ತಗೊಳ್ಳಿ.

ಊಟದ ವಿಷ್ಯದಲ್ಲಿ ಕರಾವಳಿ ಮಕ್ಕಳಿಗೆ ಹೇಳಿ ಮಾಡಿಸಿದ ಜಾಗ, ಆದ್ರೆ ಕೇಳೋ ಪದ ಗೊತ್ತಿರ್ಬೇಕು. ಸುಮ್ನೆ ಅನ್ನ ಅಂದ್ರೆ ದಪ್ಪ ಕುಚಲಕ್ಕಿ ಅನ್ನ ಬಂದ್ಬಿಡಬಹುದು, ನಮ್ಮವನು ಮೊದಲ ಸಲ ತಟ್ಟೆನೇ ದೂಡಿಬಿಟ್ಟ. 'ಬೆಳ್ತಿಗೆ ಅನ್ನ' ಅಂತ ಕೇಳಿ, ಬಿಳಿ ಅನ್ನ ಬರತ್ತೆ. ಹೊಟ್ಟೆ ಕೆಟ್ಟಿದ್ರೆ ಮಾತ್ರ ಅದೇ ಕುಚಲಕ್ಕಿ ಗಂಜಿಗಿಂತ ಒಳ್ಳೇದು ಇಲ್ಲ. ನೀರ್ ದೋಸೆಗೆ ಖಾರ ಇಲ್ಲ, ಬೆಲ್ಲ ಕಾಯಿತುರಿ ಜೊತೆ ಕೊಟ್ರೆ ಚಿಕ್ಕವಳು ಮೂರು ತಿಂತಾಳೆ. ಬನ್ಸ್ ಬಾಳೆಹಣ್ಣಿನದ್ದು, ಸಿಹಿ, ಎರಡು ಕಟ್ಟಿಸ್ಕೊಂಡ್ರೆ ದಾರಿಗಾಯ್ತು. ಉಡುಪಿ ಸಾಂಬಾರಿಗೆ ಬೆಲ್ಲ ಬೀಳೋದ್ರಿಂದ ಅದೂ ನಡೆಯತ್ತೆ. 'ಖಾರ ಇಲ್ಲ ಸರ್' ಅನ್ನೋ ಸಪ್ಲೈಯರ್ ಮಾತು ಮಾತ್ರ ನಂಬದೆ ಒಂದು ಚಮಚ ನೀವೇ ರುಚಿ ನೋಡಿ, ಅವರ ನಾಲಿಗೆ ಲೆಕ್ಕ ಬೇರೆ. ಧರ್ಮಸ್ಥಳದ ಅನ್ನಪೂರ್ಣ ಛತ್ರದಲ್ಲಿ, ಉಡುಪಿ ಮಠದಲ್ಲಿ ಊಟ ಫ್ರೀ, ಅನ್ನ ಸಾರು ಪಾಯಸ ಅಂದ್ರೆ ಮಕ್ಕಳು ತಕರಾರಿಲ್ಲದೆ ತಿಂತಾವೆ, ಕ್ಯೂ ಉದ್ದ ಇರಬಹುದು ಅಂತ ಬಾಳೆಹಣ್ಣು ಬ್ಯಾಗಲ್ಲಿರ್ಲಿ. ಮುರುಡೇಶ್ವರದಲ್ಲೂ ಅಷ್ಟೆ, 20 ಅಂತಸ್ತಿನ ಗೋಪುರಕ್ಕೆ ಲಿಫ್ಟ್ ಇದೆ ಅಂತ ಗೊತ್ತಾದ್ರೆ ಮಕ್ಕಳು ಬಿಡಲ್ಲ, ಹೊಟ್ಟೆಗೆ ಹಾಕಿಯೇ ಕ್ಯೂಗೆ ನಿಲ್ಲಿ.

ಘಾಟಿ ಒಂದು ಬಾಕಿ. ಶಿರಾಡಿ ಆಗ್ಲಿ ಚಾರ್ಮಾಡಿ ಆಗ್ಲಿ, ಇಳಿಯೋಕೆ ಒಂದು ಗಂಟೆ ಮುಂಚೆ ಲೈಟಾಗಿ ತಿನ್ನಿಸಿ, ಎಣ್ಣೆದು, ಹಾಲು ಬೇಡ. ವಾಂತಿ ಬಂದ್ರೆ ಬೇಕಾಗೋ ಕವರ್, ಒಂದು ಜೊತೆ ಬಟ್ಟೆ, ಓಆರ್‌ಎಸ್ ಡಿಕ್ಕೀಲಿಟ್ರೆ ಪ್ರಯೋಜನ ಇಲ್ಲ, ಕೈಗೆ ಸಿಗೋ ಹಾಗಿರ್ಲಿ. ಟ್ರೈನಲ್ಲಿ ಹೋಗೋದಾದ್ರೆ ಐದರೊಳಗಿನ ಮಗುಗೆ ಟಿಕೆಟ್ ಬೇಡ, 5ರಿಂದ 12ರವರಿಗೆ ಬೇರೆ ಬರ್ತ್ ಬೇಕು ಅಂದ್ರೆ ಪೂರ್ತಿ ಚಾರ್ಜ್.

ರೂಮಿಗೆ ಹೋದ್ಮೇಲೆ ಲಗೇಜ್ ಇಳಿಸೋಕೆ ಮುಂಚೆ ಒಬ್ರು ಮೇಲೆ ಹೋಗಿ ನಲ್ಲಿ ತಿರುಗಿಸಿ, ಚಿಲಕ ಹಾಕಿ ತೆಗೆದು, ಕಿಟಕಿ ಜಾಲರಿ ನೋಡ್ಕೊಂಡು ಬನ್ನಿ, ಸಾಮಾನು ಒಳಗೆ ಹೋದ್ಮೇಲೆ ರೂಮ್ ಚೇಂಜ್ ಮಾಡಿ ಅಂತ ಕೇಳೋಕೆ ನಮಗೇ ಸೋಮಾರಿತನ ಬರತ್ತೆ. ಮಂಚ ಎತ್ತರ ಇದ್ರೆ ಒಂದು ಎಕ್ಸ್‌ಟ್ರಾ ಹಾಸಿಗೆ ಕೇಳಿ ನೆಲಕ್ಕೆ ಹಾಕಿಸ್ಕೊಳ್ಳಿ. ನಮ್ಮನೇಲಿ ಈಗ ಆ ನೆಲದ ಹಾಸಿಗೆಗೇ ಇಬ್ರಿಗೂ ಜಗಳ, ಮಂಚ ಪೂರ್ತಿ ನಮಗೆ.